ಸಂದಿಯ ಲೈಟು

ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದ ಅಜ್ಜಿ ಕಾಲು ಗಂಟೆಯಾದರೂ ಒಳಗೆ ಬರಲಿಲ್ಲ. ಸಂಜೆ ಆರೂಮುಕ್ಕಾಲಾಗಿತ್ತು. ಸೊಸೆ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆ ಮಕ್ಕಳ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದಳು. ದಾರ ಕತ್ತರಿಸಲೆಂದು ಯಂತ್ರ ನಿಲ್ಲಿಸಿದಾಗ ನರಳುವ ಸದ್ದು ಕೇಳಿತು. ಓಡಿಹೋಗಿ ನೋಡಿದರೆ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಗ್ಗುಲಾಗಿ ಬಿದ್ದಿದ್ದರು. ತಂತಿಯಿಂದ ಜಾರಿದ ಬಿಳಿ ಬೆಡ್‌ಶೀಟು ಅವರ ಮೇಲೆ ಬಿದ್ದು ಅರ್ಧ ಕೆಂಪಾಗಿತ್ತು. ಎರಡೂ ಕಿವಿಯ ಹಾಲೆಗಳು ಕೆಳಗಿನವರೆಗೆ ಹರಿದಿದ್ದವು. ಓಲೆಗಳಿರಲಿಲ್ಲ. ಪಕ್ಕದಲ್ಲಿ ಕೂದಲು ಅಂಟಿಕೊಂಡ ಅರ್ಧ ಇಟ್ಟಿಗೆ ಬಿದ್ದಿತ್ತು.

ಅಜ್ಜಿ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ಸೊಸೆ ಸೆರಗಿನಿಂದ ರಕ್ತ ಒರೆಸಲು ಹೋದಾಗ ಆ ಸ್ಥಿತಿಯಲ್ಲೂ ಅವಳ ಕೈ ಹಿಡಿದುಕೊಂಡರು.

"ಒರೆಸ್ಬೇಡ. ಒತ್ತಿ ಹಿಡಿ."

ತಲೆಗೆ ಒಂಬತ್ತು ಹೊಲಿಗೆ ಬಿತ್ತು, ಕಿವಿಗೆ ಮೂರು ಮೂರು. ಆಸ್ಪತ್ರೆಗೆ ಮೊದಲು ಬಂದದ್ದು ಹದಿನೇಳರ ಮೊಮ್ಮಗಳು, ಕಾಲೇಜಿನಿಂದ ನೇರವಾಗಿ. ಆಮೇಲೆ ಬಂದ ಹಿರಿಮಗ ಹಳೆ ಟೈರುಗಳಿಗೆ ಹೊಸ ರಬ್ಬರು ಕೂರಿಸುವ ಶೆಡ್ಡಿನಲ್ಲಿ ಫೋರ್‌ಮನ್. ಹತ್ತು ಆಳುಗಳ ಮೇಲೆ ಕೂಗಾಡಿ ಕೂಗಾಡಿ ಮನೆಯಲ್ಲೂ ಅದೇ ದನಿ ಉಳಿದುಬಿಟ್ಟಿತ್ತು. "ನಮ್ಮನೆ ಫೋರ್‌ಮನ್ ಬಂದ್ರು, ಕಾಲು ಮಡಚ್ಕೊಳ್ಳಿ" ಎಂದು ಅಜ್ಜಿಯೇ ತಮಾಷೆ ಮಾಡುತ್ತಿದ್ದರು. ಅವನು ತಾಯಿಯ ಮಂಚದ ಹತ್ತಿರ ಬಂದು ನಿಂತು, ಹೇಗಿದ್ದೀಯ ಎಂದು ಕೇಳಲಿಲ್ಲ.

"ಹಿತ್ತಲ ಗೇಟು ತೆಗೆದಿಟ್ಟೋನು ಯಾರು?" ಎಂದು ಕೇಳಿದ.

ತೆಗೆದಿಟ್ಟವನು ಅವನ ತಮ್ಮ. ಬೇಕರಿಯಲ್ಲಿ ಹಿಟ್ಟು ನಾದಿ ಒಲೆಗಿಡುವ ಕೆಲಸ, ಸಂಜೆ ಏಳರಿಂದ ಬೆಳಗಿನ ಜಾವ ಐದರವರೆಗೆ. ಆರೂವರೆಗೆ ಹಿತ್ತಲ ಗೇಟಿನಿಂದ ಹೊರಡುತ್ತಿದ್ದ. ಆ ಗೇಟಿಗೆ ಹೊರಗಿನಿಂದ ಚಿಲಕವೇ ಇರಲಿಲ್ಲ, ಎಳೆದುಕೊಂಡು ಹೋಗಬೇಕಿತ್ತು, ಅಷ್ಟೇ. ಅಣ್ಣನ ಮಗಳು ಮಾತು ಕಲಿಯುವ ವಯಸ್ಸಿನಲ್ಲಿ ದಿನಾ ಬೆಳಿಗ್ಗೆ ಬನ್ನು ತರುವ ಚಿಕ್ಕಪ್ಪನನ್ನು ಬನ್ನು ಎಂದೇ ಕರೆದಳು. ಮೂವತ್ಮೂರು ವರ್ಷವಾದರೂ ಬೀದಿಗೆಲ್ಲ ಅವನು ಬನ್ನುವೇ. ಮದುವೆಯಾಗಿರಲಿಲ್ಲ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಹಗಲೆಲ್ಲ ಮಲಗುತ್ತಿದ್ದ.

ಸುದ್ದಿ ಕೇಳಿ ಮೈಗೆಲ್ಲ ಮೈದಾ ಹಿಟ್ಟು ಮೆತ್ತಿಕೊಂಡೇ ಅವನು ಆಸ್ಪತ್ರೆಗೆ ಓಡಿಬಂದ. ವಾರ್ಡಿನ ಬಾಗಿಲಲ್ಲೇ ಫೋರ್‌ಮನ್ ಅವನ ಕೆನ್ನೆಗೆ ಬಾರಿಸಿದ. ಬನ್ನು ಹೋಗಿ ತಾಯಿಯ ಕಾಲ ಬಳಿ ಕೂತ. ಅವನ ಕೆನ್ನೆಯ ಹಿಟ್ಟಿನ ಮೇಲೆ ಅಣ್ಣನ ನಾಲ್ಕು ಬೆರಳು ಮೂಡಿದ್ದವು.

ಕಳ್ಳ ಸಿಗಲಿಲ್ಲ. ಪೊಲೀಸರು ಬಂದು ಹಿತ್ತಲು ನೋಡಿ, ಇಷ್ಟು ಕತ್ತಲಿದ್ದರೆ ಇನ್ನೇನಾಗುತ್ತದೆ, ಒಂದು ಲೈಟಾದರೂ ಹಾಕಿಸಿಕೊಳ್ಳಬಾರದೆ ಎಂದು ಹೇಳಿ ಹೋದರು. ಆ ಮಾತು ಫೋರ್‌ಮನ್‌ಗೆ ನಾಟಿತು. ಮಾರನೆಯ ವಾರ ವಿದ್ಯುತ್ ಕಚೇರಿಯಿಂದ ನಿವೃತ್ತನಾದ ಒಬ್ಬ ಲೈನ್‌ಮನ್‌ನನ್ನು ಕರೆತಂದ.

ಲೈನ್‌ಮನ್ ಕೆಲಸ ಬಲ್ಲವನು. ಕೈಯಲ್ಲಿ ಟೀ ಲೋಟ ಹಿಡಿದುಕೊಂಡು ಮನೆಗೆ ಎರಡು ಸುತ್ತು ಹಾಕಿದ. ಮುಂದೆ ಬೀದಿಯ ಗೇಟು, ಹಿಂದೆ ಹಿತ್ತಲು, ಎಡಕ್ಕೆ ಮನೆಗೂ ಕಾಂಪೌಂಡು ಗೋಡೆಗೂ ನಡುವೆ ಮೂರಡಿ ಅಗಲದ ಸಂದಿ. ಗೋಡೆಯಾಚೆ ಬಸ್ ಡ್ರೈವರ್ ಮನೆ. ಗೇಟಿಗೊಂದು, ಹಿಂಬಾಗಿಲಿಗೊಂದು, ಸಂದಿಗೊಂದು ಸಣ್ಣ ಲೈಟು ಸಾಕು, ತಲೆಗಿಂತ ಒಂದು ಮೊಳ ಮೇಲೆ ಹಾಕಿ ಮುಖ ನೆಲಕ್ಕಿರಬೇಕು, ಸಂದಿಯದಕ್ಕೆ ಮಾತ್ರ ಯಾರಾದರೂ ಬಂದರೆ ತಾನೇ ಹತ್ತಿಕೊಳ್ಳುವ ಸೆನ್ಸರ್ ಇರಲಿ ಎಂದ. ಫೋರ್‌ಮನ್‌ಗೆ ಅದು ಸಾಲಲಿಲ್ಲ. ಶೆಡ್ಡಿನ ಅಂಗಳದಲ್ಲಿ ಉರಿಯುವಂಥ ದೊಡ್ಡ ಫ್ಲಡ್‌ಲೈಟು ಬೇಕು, ಮಹಡಿಯ ಮೂಲೆಗೆ ಹಾಕು ಎಂದು ಪಟ್ಟು ಹಿಡಿದ.

"ಬೆಳಕು ಜೋರಾದಷ್ಟೂ ನೆರಳು ಕಪ್ಪಾಗುತ್ತೆ ಯಜಮಾನ್ರೇ," ಎಂದ ಲೈನ್‌ಮನ್. "ಕಳ್ಳ ಆ ನೆರಳಲ್ಲೇ ನಿಂತ್ಕೋತಾನೆ, ನಿಮ್ಮ ಕಣ್ಣು ಕುಕ್ಕುತ್ತೆ. ಬಂದೋನ ಮುಖ ಕಂಡ್ರೆ ಸಾಕಲ್ವಾ?"

ಕೊನೆಗೆ ಅವನು ತಾನು ಹೇಳಿದ ಮೂರನ್ನೂ ಹಾಕಿ, ಫೋರ್‌ಮನ್ ಕೇಳಿದ ಫ್ಲಡ್‌ಲೈಟನ್ನೂ ಹಾಕಿದ. ಹಿತ್ತಲ ಗೇಟಿಗೆ ಇಟ್ಟಿಗೆ ಕಟ್ಟಿಸಿ ಮುಚ್ಚಿದ್ದಾಯಿತು. ಇನ್ನು ಬನ್ನು ಮುಂದಿನ ಗೇಟಿನಿಂದ ಬಂದು ಸಂದಿ ದಾಟಿ ತನ್ನ ಕೋಣೆಗೆ ಹೋಗಬೇಕಿತ್ತು.

ಮೊದಲ ಕೆಲವು ದಿನ ಫೋರ್‌ಮನ್‌ಗೆ ಅದೊಂದು ಆಟವಾಯಿತು. ಊಟ ಮುಗಿಸಿ ಕೈ ತೊಳೆದವನೇ ಸಂದಿಗೆ ಹೋಗುವನು, ಲೈಟು ಹತ್ತಿಕೊಳ್ಳುವುದು, ಹೊರಗೆ ಬಂದು ಅದು ಆರುವವರೆಗೆ ಕಾದು ಮತ್ತೆ ಹೋಗುವನು. ಮಗಳು ನಕ್ಕಳು. ಅವನೂ ನಕ್ಕ. ಮನೆಯಲ್ಲಿ ಅಪ್ಪ ಮಗಳು ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು.

ಆಮೇಲೆ ಅವನು ಟೈರು ಬಿಚ್ಚುವ ಕಬ್ಬಿಣದ ರಾಡು ತಂದು ಮಂಚದ ಪಕ್ಕ ಇಟ್ಟುಕೊಂಡ. ಸಂದಿಯ ಲೈಟು ಹತ್ತಿತೆಂದರೆ ಎದ್ದು ಓಡುತ್ತಿದ್ದ. ಒಂದು ಸಲ ಗಾಳಿಗೆ ಹಾರಿಬಂದ ಚೀಲ, ಒಂದು ಸಲ ಬೆಕ್ಕು. ಎರಡನೆಯ ಸಲ ಬಂದ ಬೆಕ್ಕನ್ನು ಅವನು ಬಿಡಲಿಲ್ಲ. ಬೆಳಿಗ್ಗೆ ಮಗಳು ಹಲ್ಲುಜ್ಜಲು ಹಿತ್ತಲಿಗೆ ಹೋದಾಗ ಸಂದಿಯ ಗೋಡೆಗೆ ರಕ್ತ ಚಿಮ್ಮಿತ್ತು, ಬೆಕ್ಕಿನ ತಲೆ ಜಜ್ಜಿಹೋಗಿತ್ತು. ಅವಳೇ ಗುಂಡಿ ತೋಡಿ ಹೂತಳು. ಬೆಕ್ಕು ಎಂದು ಗೊತ್ತಾಗಲಿಲ್ಲವಾ ಎಂದು ತಿಂಡಿ ತಿನ್ನುವಾಗ ಅಪ್ಪನನ್ನು ಕೇಳಿದಳು.

"ಗೊತ್ತಾಯ್ತು," ಎಂದ ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ದಿನಾ ಎಬ್ಬಿಸ್ತಿತ್ತಲ್ಲ."

ಇತ್ತ ಫ್ಲಡ್‌ಲೈಟು ಪೂರ್ತಿ ಡ್ರೈವರ್ ಮನೆಯ ಮಲಗುವ ಕೋಣೆಗೆ ಬೀಳುತ್ತಿತ್ತು. ಡ್ರೈವರ್ ಮೂರು ಗಂಟೆಗೆ ಎದ್ದು ಮೊದಲ ಬಸ್ಸು ತೆಗೆಯುವವನು. ಮನೆಯಲ್ಲಿ ಎಂಟು ತಿಂಗಳ ಕೂಸು. ಕಿಟಕಿಗೆ ರಗ್ಗು ಕಟ್ಟಿ ನೋಡಿದ, ಸೆಕೆಗೆ ಕೂಸು ಅತ್ತಿತು. ಎರಡು ಸಲ ಮನೆಗೆ ಬಂದು, ಸ್ವಲ್ಪ ಕೆಳಕ್ಕೆ ತಿರುಗಿಸಿ ಅಣ್ಣಾವ್ರೇ ಎಂದು ನಯವಾಗಿಯೇ ಕೇಳಿಕೊಂಡ. ನಿಮ್ಮ ಮನೆಗೂ ಪುಕ್ಕಟೆ ಕಾವಲಾಯಿತಲ್ಲ ಎಂದು ಫೋರ್‌ಮನ್ ಮಾತು ಹಾರಿಸಿದ. ಮೂರನೆಯ ಸಲ ಡ್ರೈವರ್ ಬರಲಿಲ್ಲ. ಭಾನುವಾರ ಸಂಜೆ ದೀಪ ಹತ್ತುವ ಹೊತ್ತಿಗೆ ತನ್ನ ಅಂಗಳದಲ್ಲಿ ನಿಂತು ಫ್ಲಡ್‌ಲೈಟಿಗೆ ಕಲ್ಲು ಬೀಸಿದ. ಗುರಿ ತಪ್ಪಲಿಲ್ಲ.

ಫೋರ್‌ಮನ್ ಊಟಕ್ಕೆ ಕೂತಿದ್ದ. ಎಂಜಲು ಕೈಯಲ್ಲೇ ಎದ್ದುಹೋದ. ಡ್ರೈವರ್‌ನ ಅಂಗಿಯ ಕೊರಳಪಟ್ಟಿ ಹಿಡಿದು ಅವನದೇ ಗೇಟಿನ ಸರಳಿಗೆ ಅವನ ಮುಖ ಅಪ್ಪಳಿಸಿದ. ಎರಡನೆಯ ಏಟಿಗೆ ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು. ಮೂಗಿನಿಂದ ಬಾಯಿಯಿಂದ ರಕ್ತ ಇಳಿದರೂ ಅವನು ನಿಲ್ಲಿಸಲಿಲ್ಲ. ಡ್ರೈವರ್ ಹೆಂಡತಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಇನ್ನೊಂದು ಕೈಯಿಂದ ಫೋರ್‌ಮನ್‌ನ ಬೆನ್ನಿಗೆ ಗುದ್ದುತ್ತಿದ್ದಳು. ಅಂದು ಬನ್ನುವಿಗೆ ವಾರದ ರಜೆ. ಅವನು ಹಿಂದಿನಿಂದ ಬಂದು ಅಣ್ಣನನ್ನು ಎರಡೂ ತೋಳಿನಿಂದ ಬಿಗಿದು ನೆಲ ಬಿಡಿಸಿ ಎತ್ತಿದ. ದಿನಾ ಮೂರು ಮೂಟೆ ಹಿಟ್ಟು ನಾದುವ ತೋಳು. ಫೋರ್‌ಮನ್‌ನ ಕಾಲುಗಳು ಗಾಳಿಯಲ್ಲಿ ಒದ್ದಾಡಿದವು, ಒಂದು ಚಪ್ಪಲಿ ಬಿದ್ದುಹೋಯಿತು. ಮೂಟೆ ಹೊತ್ತಂತೆ ಹೊತ್ತು ತಂದು ಮನೆಯೊಳಗೆ ಇಳಿಸಿದ. ಬೀದಿಯಲ್ಲಿ ಯಾರೋ ನಕ್ಕರು.

ಆ ನಗು ಫೋರ್‌ಮನ್‌ಗೆ ಕೇಳಿಸಿತ್ತು. ಅವನು ಕೈ ತೊಳೆದು ಮತ್ತೆ ತಟ್ಟೆಯ ಮುಂದೆ ಕೂತ. ಹೆಂಡತಿ ಆರಿದ ಅನ್ನ ತೆಗೆದು ಬಿಸಿ ಅನ್ನ ಬಡಿಸುತ್ತ, ಹೊಸದು ಹಾಕಿಸುವಾಗ ಸ್ವಲ್ಪ ಕೆಳಕ್ಕೆ ತಿರುಗಿಸಿದರಾಗುತ್ತಿತ್ತು ಎಂದಳು. ಅಷ್ಟೇ ಅವಳು ಅಂದದ್ದು. ಬಿಸಿ ಅನ್ನದ ಸಮೇತ ತಟ್ಟೆ ಅವಳ ಮುಖಕ್ಕೆ ಬಂತು. ಅಂಚು ತಗುಲಿ ಹುಬ್ಬು ಸೀಳಿತು. ಅವನು ಎರಡನೆಯ ಸಲ ಕೈ ಎತ್ತುವಷ್ಟರಲ್ಲಿ ಬನ್ನು ಆ ಮಣಿಕಟ್ಟು ಹಿಡಿದುಕೊಂಡ.

"ಸಾಕು ಅಣ್ಣ," ಎಂದ. "ಇಷ್ಟು ವರ್ಷ ನೋಡ್ಕೊಂಡು ಸುಮ್ನಿದ್ದೆ. ಇನ್ನು ಅತ್ತಿಗೆ ಮೇಲೆ ಕೈ ಎತ್ತಿದ್ರೆ ನಾನು ಸುಮ್ನಿರಲ್ಲ."

ದನಿ ಏರಿಸಲಿಲ್ಲ. ಆದರೆ ಹಿಡಿದ ಕೈಯನ್ನು ಕೂಡಲೇ ಬಿಡಲೂ ಇಲ್ಲ. ಫೋರ್‌ಮನ್ ಎಳೆದುಕೊಂಡ, ಬರಲಿಲ್ಲ. ಮತ್ತೆ ಎಳೆದ. ಮಗಳು, ತಾಯಿ, ಹೆಂಡತಿ ಮೂವರೂ ನೋಡುತ್ತಿದ್ದರು. ಕೊನೆಗೆ ಅಜ್ಜಿ, ಬಿಡೋ ಬನ್ನು ಎಂದಾಗ ಅವನು ಬಿಟ್ಟ. ಅಂದಿನಿಂದ ಫೋರ್‌ಮನ್ ತಮ್ಮನೊಂದಿಗೆ ಒಂದು ಮಾತೂ ಆಡಲಿಲ್ಲ.

ಒಡೆದ ಫ್ಲಡ್‌ಲೈಟನ್ನು ಹಾಗೇ ಬಿಟ್ಟು ಅವನು ಮುಂದಿನ ಗೇಟಿಗೆ ಹೊಸ ಬೀಗ ತಂದ. ಎಂಟು ಗಂಟೆಗೆ ಬೀಗ ಹಾಕಿ ಬೀಗದಕೈಯನ್ನು ಸೊಂಟದ ದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಐದೂಕಾಲಿಗೆ ಬನ್ನು ಬಂದು ಗೇಟು ಅಲ್ಲಾಡಿಸಿದರೆ ಏಳುತ್ತಿರಲಿಲ್ಲ. ಬೆಳಕು ಹರಿಯಲಿ, ಬರುವವನು ಮನುಷ್ಯರ ಹಾಗೆ ಬರಲಿ ಎನ್ನುತ್ತಿದ್ದ. ಹತ್ತು ಗಂಟೆ ಒಲೆಯ ಮುಂದೆ ನಿಂತು ಬಂದವನು ಚಳಿಯಲ್ಲಿ ಬೀದಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಎರಡು ದಿನ ನೋಡಿದ ಅತ್ತಿಗೆ ಮೂರನೆಯ ದಿನ ಗಂಡನ ಸೊಂಟದಿಂದ ಬೀಗದಕೈ ಬಿಚ್ಚಿಕೊಂಡು ಹೋಗಿ ಗೇಟು ತೆಗೆದಳು. ಅವಳು ತಿರುಗಿ ಬೀಗ ಹಾಕಲು ಹೋದಾಗ ಗಂಡ ಹಿಂದೆಯೇ ಬಂದು ನಿಂತಿದ್ದ. ತಮ್ಮ ತನ್ನ ಕೋಣೆ ಸೇರುವವರೆಗೆ ಕಾದ. ಆಮೇಲೆ ಅವಳ ಬೆರಳುಗಳು ಗೇಟಿಗೂ ಕಂಬಕ್ಕೂ ನಡುವೆ ಇರುವಾಗಲೇ ಕಬ್ಬಿಣದ ಗೇಟನ್ನು ಬಲವಾಗಿ ಎಳೆದು ಮುಚ್ಚಿದ.

ಎರಡು ಉಗುರು ಕಪ್ಪಾಗಿ ಬಿದ್ದುಹೋದವು. ಬಟ್ಟೆಯನ್ನು ಸೂಜಿಯ ಕೆಳಗೆ ಸರಿಯಾಗಿ ನಡೆಸಲಾಗದೆ ಒಂದು ವಾರ ಅವಳ ಕಾಲರುಗಳೆಲ್ಲ ಸೊಟ್ಟಗಾದವು. ಗೇಟಿಗೆ ಸಿಕ್ಕಿಕೊಂಡಿತು ಎಂದು ಮೈದುನನಿಗೆ ಹೇಳಿದಳು. ಅಜ್ಜಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಅವರು ಮಗನನ್ನು ಕರೆದು ಒಂದು ಬೀಗದಕೈ ತಮ್ಮನಿಗೂ ಕೊಡು ಎಂದರು. ಅವನು ಕೊಡುವುದಿಲ್ಲ ಎಂದ.

"ನನ್ನ ದುಡಿಮೆಯಲ್ಲಿ ಕಟ್ಟಿದ ಮನೆ ಇದು. ನನ್ನ ಹೆಸರಲ್ಲಿದೆ," ಎಂದರು ಅಜ್ಜಿ.

"ಮನೆ ನಿಂದು, ಕಾವಲು ನಂದು," ಎಂದ ಮಗ. "ಅವತ್ತು ನಿನ್ನ ಕಿವಿ ಹರಿದಾಗ ಅವನೆಲ್ಲಿದ್ದ?"

ಬನ್ನು ಜಗಳಕ್ಕೆ ಹೋಗಲಿಲ್ಲ. ಗೋಡೆ ಹಾರಿ ಬರುತ್ತೇನೆ, ಮೂಟೆ ಹೊತ್ತು ಮೆಟ್ಟಿಲು ಹತ್ತುವವನಿಗೆ ಇದೇನು ಮಹಾ, ನೀವು ಏಳಬೇಡಿ ಅತ್ತಿಗೆ ಎಂದು ಹೇಳಿದ. ಬೀದಿಯ ಮೂಲೆಯಲ್ಲಿ ಗೋಡೆ ಹತ್ತಿ ಸಂದಿಗೆ ಇಳಿಯುತ್ತಿದ್ದ. ಲೈಟು ಹತ್ತಿಕೊಳ್ಳುತ್ತಿತ್ತು. ನಲ್ಲಿಯ ಬಳಿ ಕಾಲು ತೊಳೆದು ಕೋಣೆಗೆ ಹೋಗುತ್ತಿದ್ದ. ಹೀಗೆ ಹನ್ನೊಂದು ದಿನ ನಡೆಯಿತು. ಬೇರೆ ಕೋಣೆ ನೋಡುತ್ತಿದ್ದೇನೆ, ತಿಂಗಳ ಕೊನೆಗೆ ಹೋಗುತ್ತೇನೆ ಎಂದು ಅವನು ತಾಯಿಗೆ ಹೇಳಿದ್ದ.

ಹನ್ನೆರಡನೆಯ ದಿನ ಬೆಳಗಿನ ಜಾವ ಅತ್ತಿಗೆ ಎದ್ದು ಅಡುಗೆಮನೆಗೆ ಬಂದಳು. ಆ ಹೊತ್ತಿಗೆ ನಲ್ಲಿಯಲ್ಲಿ ನೀರು ಬರುತ್ತಿತ್ತು, ಕೊಡ ತುಂಬಿಸಬೇಕಿತ್ತು. ಹಾಸಿಗೆಯಲ್ಲಿ ಗಂಡ ಇರಲಿಲ್ಲ. ಬಚ್ಚಲಿಗೆ ಹೋಗಿರಬೇಕು ಎಂದುಕೊಂಡಳು. ಅಡುಗೆಮನೆಯ ಕಿಟಕಿ ಸಂದಿಗೆ ತೆರೆದಿತ್ತು. ಹೊರಗೆ ಧೊಪ್ಪೆಂದು ಯಾರೋ ಇಳಿದ ಸದ್ದಾಯಿತು, ಲೈಟು ಹತ್ತಿತು.

ಬನ್ನುವಿನ ಬೆನ್ನು ಅವಳ ಕಡೆಗಿತ್ತು. ಕೈಯಲ್ಲಿ ಬ್ರೆಡ್ಡಿನ ಚೀಲ. ಅವನ ಮುಂದೆ, ಐದು ಹೆಜ್ಜೆ ದೂರದಲ್ಲಿ, ಅವಳ ಗಂಡ ಗೋಡೆಗೆ ಒರಗಿ ನಿಂತಿದ್ದ. ಲೈಟು ಅವನ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ಮೂರು ದಿನದ ಗಡ್ಡದ ಬಿಳಿ ಕೂದಲು ಕೂಡ ಅವಳಿಗೆ ಕಂಡಿತು.

"ಅಣ್ಣ, ನಾನು," ಎಂದ ಬನ್ನು.

ಫೋರ್‌ಮನ್ ತಮ್ಮನ ಮುಖವನ್ನೇ ನೋಡುತ್ತ ಗೋಡೆ ಬಿಟ್ಟು ಮುಂದೆ ಬಂದ. ಬೆನ್ನ ಹಿಂದಿದ್ದ ಕೈ ಮೇಲೆದ್ದಿತು. ಮೊದಲ ಏಟಿಗೆ ಬಲಗೈಯ ಮೊಣಕೈ ಒಡೆಯಿತು. ಆ ಸದ್ದು ಅವಳಿಗೆ ಅಡುಗೆಮನೆಯಲ್ಲಿ ಕೇಳಿಸಿತು. ಬ್ರೆಡ್ಡು ನೆಲಕ್ಕೆ ಚೆಲ್ಲಿತು. ಎರಡನೆಯದು ಮಂಡಿಗೆ. ಬನ್ನು ಗೋಡೆಗೆ ತಾಗಿ ಕುಸಿದ. ಬಿದ್ದವನ ಭುಜದ ಮೇಲೆ ಮೂರನೆಯ ಏಟು ಬಿತ್ತು, ಎರಡೂ ಕೈಯಲ್ಲಿ ರಾಡು ಹಿಡಿದು, ಸೌದೆ ಒಡೆಯುವವನ ಹಾಗೆ. ಆಗ ಫೋರ್‌ಮನ್ ಒಂದು ಸಲ ಉಸಿರೆಳೆದುಕೊಂಡ.

ಆಮೇಲೆ, "ಕಳ್ಳ, ಕಳ್ಳ," ಎಂದು ಕೂಗತೊಡಗಿದ.

ಬೀದಿಯವರು ಬರುವಷ್ಟರಲ್ಲಿ ಅವನು ರಾಡು ಬಿಸಾಡಿ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗೊತ್ತಾಗಲಿಲ್ಲ, ಕತ್ತಲಲ್ಲಿ ಗೊತ್ತಾಗಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ಅಳುತ್ತಲೂ ಇದ್ದ. ಎರಡು ನಿಮಿಷ ಉರಿದ ಲೈಟು ಅಷ್ಟರಲ್ಲಿ ಆರಿತ್ತು, ಜನ ಸಂದಿಗೆ ನುಗ್ಗುತ್ತಲೇ ಮತ್ತೆ ಹತ್ತಿತು. ಆ ಗದ್ದಲದಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಬನ್ನುವನ್ನು ಆಟೋದಲ್ಲಿ ಮಲಗಿಸಿಕೊಂಡು ಹೋದರು.

ಮಧ್ಯಾಹ್ನ ಫೋರ್‌ಮನ್ ಆಸ್ಪತ್ರೆಯಿಂದ ಒಬ್ಬನೇ ಮನೆಗೆ ಬಂದು ಸಂದಿಗೆ ಹೋಗಿ ಲೈಟು ಒಡೆದ. ಆಸ್ಪತ್ರೆಯ ವರದಿ ಹಿಡಿದು ಸಂಜೆ ಪೊಲೀಸರು ಬಂದಾಗ, ಹಿಂದಿನ ದಿನವೇ ಪಕ್ಕದ ಡ್ರೈವರ್ ಕಲ್ಲು ಹೊಡೆದು ಅದನ್ನೂ ಒಡೆದಿದ್ದ, ಮೊದಲು ದೊಡ್ಡದನ್ನು ಒಡೆದದ್ದು ಇಡೀ ಬೀದಿಗೆ ಗೊತ್ತು, ಲೈಟಿಲ್ಲದೆ ಕತ್ತಲಾಗಿತ್ತು, ಕಳ್ಳನೆಂದು ಹೊಡೆದುಬಿಟ್ಟೆ ಎಂದ. ಅವರು ಡ್ರೈವರ್‌ನನ್ನು ಠಾಣೆಗೆ ಕರೆದೊಯ್ದರು.

ಆಸ್ಪತ್ರೆಯಲ್ಲಿ ಪೊಲೀಸರು ಬನ್ನುವನ್ನು ಕೇಳಿದರೆ ಅವನೂ, ಕತ್ತಲಿತ್ತು, ಅಣ್ಣನಿಗೆ ಕಂಡಿರಲಿಕ್ಕಿಲ್ಲ ಎಂದ. ಅಜ್ಜಿ ಸೊಸೆಯನ್ನು ವಾರ್ಡಿನ ಹೊರಗೆ ಕರೆದು ಗೋಡೆ ಹಿಡಿದು ನಿಂತರು. ನೀನು ನೋಡಿದ್ದೀಯ ಎಂದು ನನಗೆ ಗೊತ್ತು, ಒಬ್ಬ ಮಗ ಹೀಗಾದ, ಇನ್ನೊಬ್ಬನನ್ನು ಜೈಲಿಗೆ ಕಳಿಸಬೇಡ, ಹುಡುಗಿಯ ಮುಖ ನೋಡು ಎಂದರು. ಅವಳು ಹೂಂ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಹದಿನೆಂಟು ವರ್ಷದಿಂದ ಆ ಮನೆಯಲ್ಲಿ ಅವಳು ಕಲಿತದ್ದು ಅದನ್ನೇ.

ಸಂದಿ ತೊಳೆದದ್ದು ಮಗಳು. ಒಣಗಿದ ರಕ್ತಕ್ಕೆ ನೀರು ಹಾಕಿ ಪೊರಕೆಯಲ್ಲಿ ಉಜ್ಜುವ ಮೊದಲು ಗಾಜಿನ ಚೂರುಗಳನ್ನು ಆರಿಸಿದಳು. ಒಳಗೆ ಬಂದು ಅವುಗಳನ್ನು ಅಮ್ಮನ ಯಂತ್ರದ ಹಲಗೆಯ ಮೇಲೆ ಇಟ್ಟಳು.

"ಗಾಜು ರಕ್ತದ ಮೇಲಿತ್ತು ಅಮ್ಮ. ಮೊದಲೇ ಒಡೆದಿದ್ರೆ ರಕ್ತದ ಕೆಳಗಿರ್ಬೇಕಿತ್ತಲ್ವಾ?"

ತಾಯಿ ಆ ಚೂರುಗಳನ್ನು ಕಾಗದದಲ್ಲಿ ಸುತ್ತಿ ದಾರದ ಡಬ್ಬಿಯಲ್ಲಿಟ್ಟಳು. ಮಾರನೆಯ ದಿನ ಡ್ರೈವರ್ ಹೆಂಡತಿ ಗೇಟಿನ ಹೊರಗೆ ಬಂದು ನಿಂತಳು. ಗಂಡನನ್ನು ರಾತ್ರಿಯಿಡೀ ಕೂರಿಸಿ ಬೂಟಿನಿಂದ ಪಾದಕ್ಕೆ ಹೊಡೆದಿದ್ದಾರೆ, ಬಸ್ಸಿನ ಬ್ರೇಕು ತುಳಿಯುವ ಪಾದ ಅದು ಎಂದಳು. ಬೈಯಲಿಲ್ಲ. ಕೂಸನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಾಕಿಕೊಂಡು ಅಷ್ಟು ಹೇಳಿ ಹೊರಟುಹೋದಳು.

ಮೂರನೆಯ ದಿನ ಬೆಳಿಗ್ಗೆ ಹೊಲಿದ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ ಹೆಂಡತಿ ತಾನಾಗಿಯೇ ಗಂಡನ ಹತ್ತಿರ ಮಾತೆತ್ತಿದಳು.

"ಡ್ರೈವರ್‌ನ ಬಿಡಿಸ್ಕೊಂಡು ಬನ್ನಿ. ಅವನು ಒಡೀಲಿಲ್ಲ ಅಂತ ಹೇಳಿ."

"ಮತ್ತೆ ಯಾರು ಒಡೆದ್ರು ಅಂತ ಹೇಳ್ಲಿ?"

"ಯಾರು ಒಡೆದ್ರೋ ಅವರ ಹೆಸರು."

ಅವನು ಅವಳ ಕತ್ತು ಹಿಡಿದು ಗೋಡೆಗೆ ಒತ್ತಿದ. ಅವಳ ಹಿಮ್ಮಡಿ ನೆಲ ಬಿಟ್ಟಿತು. ಕಪಾಟಿನ ಮೇಲಿನ ಡಬ್ಬಗಳು ಉರುಳಿದವು. ಏನು ನೋಡಿದೆ, ಏನು ನೋಡಿದೆ ಹೇಳು ಎಂದು ಪ್ರತಿ ಮಾತಿಗೂ ಅವಳ ತಲೆಯನ್ನು ಗೋಡೆಗೆ ಕುಟ್ಟಿದ. ಅವಳ ಕಣ್ಣುಗಳು ಮೇಲಕ್ಕೆ ಹೋಗುತ್ತಿದ್ದವು. ಪಕ್ಕದ ಕೋಣೆಯಿಂದ ಬಂದ ಮಗಳು ಮೇಜಿನ ಮೇಲಿನ ಇಸ್ತ್ರಿಪೆಟ್ಟಿಗೆ ತೆಗೆದು ಅಪ್ಪನ ತೋಳಿಗೆ ಒತ್ತಿದಳು. ಚುರ್ ಎಂದಿತು, ಸುಟ್ಟ ಚರ್ಮದ ವಾಸನೆ ಕೋಣೆ ತುಂಬಿತು. ಅವನು ಕೈ ಬಿಟ್ಟು ಹಿಂದೆ ಸರಿದ. ಹೆಂಡತಿ ಗೋಡೆಗುಂಟ ಜಾರಿ ಕೂತು ಕೆಮ್ಮಿದಳು.

ಫೋರ್‌ಮನ್ ಮಗಳನ್ನು ನೋಡಿದ. ಅವಳು ಪೆಟ್ಟಿಗೆಯನ್ನು ಇನ್ನೂ ಎದೆಯ ಮಟ್ಟಕ್ಕೆ ಹಿಡಿದೇ ಇದ್ದಳು.

"ಅಮ್ಮನ್ನ ಮುಟ್ಬೇಡ ಅಪ್ಪ," ಎಂದಳು.

ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ತಲೆಯ ಪಟ್ಟಿ ಬಿಚ್ಚಿ ಕೆಲವು ವಾರವಾಗಿತ್ತಷ್ಟೆ. ಬೋಳಿಸಿದ ಜಾಗದಲ್ಲಿ ಬಿಳಿ ಕೂದಲು ಮೊಳೆಯುತ್ತಿತ್ತು. ಅವರು ಮೊಮ್ಮಗಳ ಕೈಯಿಂದ ಇಸ್ತ್ರಿಪೆಟ್ಟಿಗೆ ತೆಗೆದು ಪಕ್ಕಕ್ಕಿಟ್ಟರು, ಮಗನ ತೋಳಿಗೆ ತಣ್ಣೀರು ಸುರಿದರು, ಸೊಸೆಯ ಕತ್ತನ್ನು ಬೆಳಕಿಗೆ ತಿರುಗಿಸಿ ಬೆರಳಿನ ಗುರುತುಗಳನ್ನು ಬಹಳ ಹೊತ್ತು ನೋಡಿದರು.

ಹನ್ನೊಂದು ಗಂಟೆಗೆ ಸಬ್ ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಳ್ಳಲು ಬಂದಳು. ವಯಸ್ಸು ಮೂವತ್ತರ ಒಳಗೆ, ಮಾತು ಕಡಿಮೆ. ಜೊತೆಗೊಬ್ಬ ಪೇದೆ. ಫೋರ್‌ಮನ್ ತುಂಬುತೋಳಿನ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದ. ಎಲ್ಲರಿಗೂ ಟೀ ಮಾಡು ಎಂದು ಹೆಂಡತಿಗೆ ಹೇಳಿದ. ಅವಳು ಟೀ ಮಾಡಲು ಏಳಲಿಲ್ಲ. ಸೆರಗು ಕತ್ತಿಗೆ ಸುತ್ತಿಕೊಂಡು ಅಲ್ಲೇ ಕೂತಿದ್ದಳು. ಅವತ್ತು ನೀವೇನಾದರೂ ನೋಡಿದಿರಾ ಎಂದು ಇನ್‌ಸ್ಪೆಕ್ಟರ್ ಕೇಳಿದಳು.

"ನೋಡ್ದೆ," ಎಂದಳು. ದನಿ ಒಡೆದು ಬಂತು. "ಲೈಟು ಉರೀತಿತ್ತು. ಮೈದುನ, ಅಣ್ಣ ನಾನು ಅಂದ. ಇವರು ಮುಖ ನೋಡಿ ಹೊಡೆದ್ರು. ಲೈಟು ಒಡೆದಿದ್ದು ಆಮೇಲೆ, ಮಧ್ಯಾಹ್ನ. ಇವರೇ."

ಫೋರ್‌ಮನ್ ನಕ್ಕ. ಗಂಡ ಹೆಂಡಿರ ಜಗಳ ಮೇಡಂ, ಇವತ್ತು ಬೆಳಿಗ್ಗೆಯೂ ಆಯಿತು, ಆ ಸಿಟ್ಟಿಗೆ ಹೇಳುತ್ತಿದ್ದಾಳೆ, ಪೆಟ್ಟು ತಿಂದ ನನ್ನ ತಮ್ಮನೇ ಕತ್ತಲಿತ್ತು ಎಂದಿದ್ದಾನಲ್ಲ ಎಂದ. ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದಳು. ಮಗಳು ಎದ್ದು ದಾರದ ಡಬ್ಬಿಯಿಂದ ಕಾಗದದ ಪೊಟ್ಟಣ ತಂದುಕೊಟ್ಟಳು. ರಕ್ತದ ಮೇಲೆ ಬಿದ್ದಿದ್ದ ಗಾಜು ಎಂದಳು. ಫೋರ್‌ಮನ್ ಅದಕ್ಕೂ ನಕ್ಕ. ಜನ ಓಡಾಡಿದ ಜಾಗ, ಯಾವ ಚೂರು ಎಲ್ಲಿತ್ತೋ ಯಾರಿಗೆ ಗೊತ್ತು ಎಂದ.

ಆಗ ಇನ್‌ಸ್ಪೆಕ್ಟರ್ ಅಜ್ಜಿಯ ಕಡೆ ತಿರುಗಿದಳು. ನೀವು ಮಲಗಿದ್ದಿರಂತೆ ಎಂದಳು.

"ಮಲಗಿದ್ದೆ. ತಲೆಗೆ ಪೆಟ್ಟು ಬಿದ್ದಾಗಿಂದ ನಿದ್ದೆ ಬರಲ್ಲ ನಂಗೆ," ಎಂದರು ಅಜ್ಜಿ. "ನಾನೇನೂ ನೋಡ್ಲಿಲ್ಲ. ಕೇಳಿಸ್ಕೊಂಡೆ."

ಫೋರ್‌ಮನ್, ಅಮ್ಮ ಎಂದ. ಅಜ್ಜಿ ಅವನ ಕಡೆ ನೋಡಲಿಲ್ಲ.

"ಚಿಕ್ಕೋನು, ಅಣ್ಣ ನಾನು ಅಂದ. ಆಮೇಲೆ ಏಟು ಬಿತ್ತು. ಮೂರು. ಮೂರಾದ್ಮೇಲೆ ಇವನು ಕಳ್ಳ ಅಂತ ಕೂಗ್ದ." ಅವರು ಬರೆಯುವ ಪುಸ್ತಕದ ಕಡೆ ಬೆರಳು ತೋರಿಸಿದರು. "ಮೊದ್ಲು ಹೊಡೆದ, ಆಮೇಲೆ ಕಳ್ಳ ಅಂದ. ಹಾಗೇ ಬರ್ಕೊಳ್ಳಮ್ಮ."

ಫೋರ್‌ಮನ್ ಕುರ್ಚಿಯಿಂದ ಎದ್ದವನೇ ತಾಯಿಯ ಕಡೆ ನುಗ್ಗಿದ. ಪೇದೆ ಅಡ್ಡ ಬಂದ. ಅವನನ್ನು ತಳ್ಳಿ ಬೀಳಿಸಿದ ಫೋರ್‌ಮನ್‌ನ ಕೈ ತಾಯಿಯ ಕೂದಲಿಗೆ ಸಿಕ್ಕಿತು. ಹೆಂಡತಿ, ಮಗಳು, ಇನ್‌ಸ್ಪೆಕ್ಟರ್ ಮೂವರೂ ಸೇರಿ ಬಿಡಿಸಬೇಕಾಯಿತು. ಹೊಲಿಗೆ ಯಂತ್ರ ಮಗುಚಿಬಿತ್ತು. ಪೇದೆ ಎದ್ದು ಬಂದು ಅವನ ಮೊಣಕಾಲ ಹಿಂದೆ ಲಾಠಿ ಬೀಸಿದ ಮೇಲೆ ಅವನು ನೆಲ ಹಿಡಿದ. ಹೊಲಿಗೆ ಹಾಕಿದ್ದ ಜಾಗದಲ್ಲಿ ಅಜ್ಜಿಯ ತಲೆ ಮತ್ತೆ ಬಿರಿದಿತ್ತು. ಸೊಸೆ ಸೆರಗು ಮಡಚಿ ಒತ್ತಿ ಹಿಡಿದಳು.

ಡ್ರೈವರ್ ಅಂದೇ ಸಂಜೆ ಕುಂಟುತ್ತ ಮನೆಗೆ ಬಂದ. ಅವನು ಇವರ ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ. ಫೋರ್‌ಮನ್‌ಗೆ ಜಾಮೀನು ಸಿಗಲಿಲ್ಲ. ಅಜ್ಜಿ ಒಂದು ಸಲ ಒಗೆದ ಬಟ್ಟೆ ತೆಗೆದುಕೊಂಡು ಜೈಲಿಗೆ ಹೋದರು. ಅವನು ಭೇಟಿಗೆ ಬರಲಿಲ್ಲ, ಬಟ್ಟೆಯನ್ನೂ ವಾಪಸು ಕಳಿಸಿದ. ಅವರು ಅದನ್ನು ತಂದು ಅವನ ಕಪಾಟಿನಲ್ಲಿ ಜೋಡಿಸಿಟ್ಟರು. ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಸೊಸೆ ಬಡಿಸಿದ ತಟ್ಟೆಯ ಮುಂದೆ ಕೂತರು.

ಬನ್ನು ಐದು ವಾರದ ಮೇಲೆ ಮನೆಗೆ ಬಂದ. ಮೊಣಕೈಯಲ್ಲಿ ಸ್ಟೀಲು ಪಟ್ಟಿ, ಕಂಕುಳಲ್ಲಿ ಊರುಗೋಲು. ಆ ಕೈ ಪೂರ್ತಿ ಮಡಚುವುದಿಲ್ಲ, ಹಿಟ್ಟು ನಾದುವುದು ಇನ್ನಿಲ್ಲ ಎಂದು ಡಾಕ್ಟರು ಹೇಳಿದ್ದರು. ಬೇಕರಿಯ ಮಾಲೀಕ ಹಗಲು ಹೊತ್ತು ಗಲ್ಲಾದಲ್ಲಿ ಕೂರು ಎಂದಿದ್ದ. ಮನೆಗೆ ಬಂದವನು ಅತ್ತಿಗೆಯ ಜೊತೆ ಮಾತಾಡಲಿಲ್ಲ. ಅವಳು ತಟ್ಟೆ ಇಟ್ಟರೆ ಉಂಡ, ನೀರು ಕೊಟ್ಟರೆ ಕುಡಿದ. ತಾನು ಅಣ್ಣನನ್ನು ಉಳಿಸಲು ಸುಳ್ಳು ಹೇಳಿದ್ದ, ಅತ್ತಿಗೆ ಅದನ್ನು ಮುರಿದಿದ್ದಳು. ಅವಳೂ ತಾನಾಗಿ ಮಾತಿಗೆ ಹೋಗಲಿಲ್ಲ. ಕಾಲರುಗಳು ಬಹಳ ಬಾಕಿಯಿದ್ದವು.

ಎಂಟು ದಿನ ಹೀಗೇ ಕಳೆಯಿತು. ಒಂಬತ್ತನೆಯ ದಿನ ಮಧ್ಯಾಹ್ನ ಅವಳು ಅವನ ಮುಂದೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ ಇಟ್ಟಳು. ಎಡಗೈಯಲ್ಲಿ ಚಮಚ ಹಿಡಿಯಲು ಅವನು ಇನ್ನೂ ಕಲಿಯುತ್ತಿದ್ದ. ಅರ್ಧ ಬಾಯಿಗೆ, ಅರ್ಧ ಅಂಗಿಯ ಮೇಲೆ. ಅವಳು ಮೊಟ್ಟೆಯನ್ನು ನಾಲ್ಕು ಹೋಳು ಮಾಡಿ ಕೊಟ್ಟು ಏಳಲು ಹೋದಳು.

"ಅತ್ತಿಗೆ," ಎಂದ ಅವನು.

ಅವಳು ಮತ್ತೆ ಕೂತಳು.

"ಅವತ್ತು ಗೋಡೆ ಇಳಿದಾಗ ಲೈಟು ಹತ್ತಿತಲ್ಲ, ಅಣ್ಣ ನಿಂತಿದ್ದ. ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ. ಗೇಟು ತೆಗೆಯೋಕೆ ಬಂದಿದ್ದಾನೆ ಅಂದ್ಕೊಂಡೆ. ಕೈ ಹಿಂದಿಟ್ಕೊಂಡಿದ್ದ. ಬೀಗದಕೈ ಇರ್ಬೇಕು, ಕೊಡೋಕೆ ನಾಚ್ಕೋತಿದ್ದಾನೆ ಅಂದ್ಕೊಂಡೆ." ಅವನು ಚಮಚ ಕೆಳಗಿಟ್ಟ. "ನಾನು ನಕ್ಕೆ ಅತ್ತಿಗೆ. ಅವನು ನನ್ನ ನಗು ನೋಡಿದ್ಮೇಲೇ ಹೊಡೆದಿದ್ದು."

ಅವಳು ಚಮಚ ತೆಗೆದುಕೊಂಡು ಅನ್ನ ಕಲಸಿ ಅವನ ಬಾಯಿಗಿಟ್ಟಳು. ಅವನು ತಿಂದ.